ಪರಿಸರ ಒಪ್ಪಂದಗಳಲ್ಲಿ ಒಂದೊಂದು ಪದಕ್ಕೂ ಇಷ್ಟು ಗುದ್ದಾಟ ಯಾಕೆ?

ಮಳೆಬಿಲ್ಲು ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪದವಿ ವಿದ್ಯಾರ್ಥಿಗಳ ಒಂದು ಚರ್ಚಾ ಕೂಟವನ್ನು ನಾನು ನೋಡಿಕೊಳ್ಳುತ್ತೇನೆ. ಈ ಸಲ ಹವಾಮಾನ ಒಪ್ಪಂದಗಳನ್ನು ಓದಿಸೋಣ ಅಂದುಕೊಂಡೆ. ಪತ್ರಿಕೆಯ ವರದಿ ಬೇಡ, ಮೂಲ ಪಠ್ಯವನ್ನೇ ನೋಡಲಿ ಅಂತ ವಿಶ್ವಸಂಸ್ಥೆಯ 2023ರ ದುಬೈ ಹವಾಮಾನ ಸಮಾವೇಶದ ನಿರ್ಣಯದ 28ನೇ ಪ್ಯಾರಾವನ್ನು ಮುದ್ರಿಸಿ ಎಲ್ಲರ ಕೈಗೂ ಕೊಟ್ಟೆ.

ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಲು ಜಗತ್ತು ಒಪ್ಪಿದೆ ಅಂತ ಅವರೆಲ್ಲ ಸುದ್ದಿಯಲ್ಲಿ ಕೇಳಿದ್ದರು. ಪ್ಯಾರಾದಲ್ಲಿ ಆ ಮಾತನ್ನು ಹುಡುಕುವುದಕ್ಕೇ ಹೊತ್ತು ಹಿಡಿಯಿತು. ಮೊದಲು, ಸಮಾವೇಶವು ದೇಶಗಳಿಗೆ ‘ಕರೆ ನೀಡುತ್ತದೆ’ ಅಂತಿದೆ. ಏತಕ್ಕೆ? ಕೆಲವು ಜಾಗತಿಕ ಪ್ರಯತ್ನಗಳಿಗೆ ‘ಕೊಡುಗೆ ನೀಡಲು’. ಹೇಗೆ? ‘ಆಯಾ ದೇಶವೇ ನಿರ್ಧರಿಸಿಕೊಂಡ ರೀತಿಯಲ್ಲಿ’. ಆಮೇಲೆ ಎಂಟು ಅಂಶಗಳ ಪಟ್ಟಿ. ನಾಲ್ಕನೆಯದರಲ್ಲಿ ಪಳೆಯುಳಿಕೆ ಇಂಧನ ಬರುತ್ತದೆ. ಅದೂ ‘ಶಕ್ತಿ ವ್ಯವಸ್ಥೆಗಳಲ್ಲಿ’ ಮಾತ್ರ. ಹಾಗಾದರೆ ಪ್ಲಾಸ್ಟಿಕ್ ತಯಾರಿಕೆಗೆ ಹೋಗುವ ತೈಲದ ಕಥೆ ಏನು?

ಒಬ್ಬ ವಿದ್ಯಾರ್ಥಿ ಕೇಳಿದ: ‘ಮೇಡಂ, ಇದರಲ್ಲಿ ಯಾರು ಏನು ಮಾಡಬೇಕು?’ ಅವನಿಗೆ ನೇರ ಉತ್ತರ ಕೊಡುವುದು ಸಾಧ್ಯವಾಗಲಿಲ್ಲ. ಯಾಕೆಂದರೆ ಪಠ್ಯದಲ್ಲೇ ಅದು ಇಲ್ಲ.

ಎಂಜಿನಿಯರ್ ಆಗಿರುವ ನನ್ನ ಗೆಳತಿ ಇನ್ನೊಂದು ಮಾತು ಹೇಳುತ್ತಾಳೆ. ‘ಪದ ತಿದ್ದಿದರೆ ಚಿಮಣಿಯ ಹೊಗೆ ಕಡಿಮೆ ಆಗುತ್ತಾ? ಸೌರ ವಿದ್ಯುತ್ ಅಗ್ಗವಾದರೆ ಕಲ್ಲಿದ್ದಲು ತಾನಾಗಿಯೇ ಹೋಗುತ್ತೆ. ರಾತ್ರಿಯಿಡೀ ಕೂತು ಪದಕ್ಕೆ ಜಗಳ ಆಡೋದು ಯಾಕೆ?’ ನಿಮಗೇನನ್ನಿಸುತ್ತದೆ? ಭಾಷೆ ನಿಜವಾಗಿ ನೀತಿಯನ್ನು ಬದಲಾಯಿಸುತ್ತದಾ, ಇಲ್ಲ ಸುಮ್ನೆ ಮುಖ ಉಳಿಸಿಕೊಳ್ಳುವ ದಾರಿಯಾ? ಮಕ್ಕಳಿಗೆ ತೋರಿಸಬಹುದಾದ ಉದಾಹರಣೆಗಳಿದ್ದರೆ ದಯವಿಟ್ಟು ಹೇಳಿ.

ಕರಡುಪ್ರತಿ

ಮಳೆಬಿಲ್ಲು ಅವರೇ, ನಿಮ್ಮ ವಿದ್ಯಾರ್ಥಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ನಿಯಮಗಳ ಕರಡು ತಿದ್ದುವುದು ನನ್ನ ಕೆಲಸ. ಯಾವ ಕರಡು ಬಂದರೂ ಮೊದಲು ಕ್ರಿಯಾಪದ ನೋಡುತ್ತೇನೆ, ಆಮೇಲೆ ಆ ಕ್ರಿಯಾಪದಕ್ಕೆ ಕರ್ತೃ ಯಾರು ಅಂತ ಹುಡುಕುತ್ತೇನೆ. ಹೊಣೆ ಎಲ್ಲಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಒಂದು ಪದಕ್ಕೆ ಇಡೀ ಒಪ್ಪಂದವೇ ಮುರಿದು ಬೀಳಬಹುದಿತ್ತು ಅನ್ನುವುದಕ್ಕೆ ಪ್ಯಾರಿಸ್ ಹವಾಮಾನ ಒಪ್ಪಂದ ನೋಡಿ. 2015ರ ಡಿಸೆಂಬರ್ 12. ಅಂತಿಮ ಪಠ್ಯ ಎಲ್ಲ ದೇಶಗಳ ಕೈ ಸೇರಿತ್ತು. 4ನೇ ವಿಧಿಯ 4ನೇ ಕಲಂ ಮುಂದುವರಿದ ದೇಶಗಳ ಬಗ್ಗೆ. ಇಡೀ ಆರ್ಥಿಕತೆಗೆ ಅನ್ವಯಿಸುವ, ಹಸಿರುಮನೆ ಅನಿಲ ಕಡಿತದ ಗುರಿ ಇಟ್ಟುಕೊಂಡು ಅವು ಮುಂದೆ ನಿಲ್ಲಬೇಕು ಅನ್ನುವ ಕಡೆ ಇಂಗ್ಲಿಷಿನ ‘ಶಲ್’ ಕೂತಿತ್ತು. ಅಮೆರಿಕ ಒಪ್ಪಿದ್ದು ‘ಶುಡ್’ಗೆ. ಕಾನೂನಿನಲ್ಲಿ ‘ಶಲ್’ ಅಂದರೆ ಮಾಡಲೇಬೇಕು. ‘ಶುಡ್’ ಅಂದರೆ ಮಾಡುವುದು ಸರಿ, ಮಾಡಲಿ ಅನ್ನುವ ನಿರೀಕ್ಷೆ.

‘ಶಲ್’ ಉಳಿದಿದ್ದರೆ ಕಡಿತದ ಗುರಿಯೇ ಕಾನೂನಿನ ಹೊಣೆ ಆಗುತ್ತಿತ್ತು. ಆಗ ಒಪ್ಪಂದ ಅಮೆರಿಕದ ಸೆನೆಟ್ ಮುಂದೆ ಹೋಗಬೇಕಿತ್ತು, ಮೂರನೇ ಎರಡರಷ್ಟು ಮತ ಬೇಕಿತ್ತು. ಅದೇ ಸೆನೆಟ್ 1997ರಲ್ಲಿ, ಕ್ಯೋಟೊ ಒಪ್ಪಂದಕ್ಕೆ ಇನ್ನೂ ಕೆಲವು ತಿಂಗಳಿರುವಾಗಲೇ, ಅಭಿವೃದ್ಧಿಶೀಲ ದೇಶಗಳಿಗೆ ಹೊಣೆ ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ ಅಂತ 95–0 ಮತದಿಂದ ಹೇಳಿತ್ತು. ಹಾಗಾಗಿ ಪ್ಯಾರಿಸ್ಸಿನಲ್ಲಿ ಕೊನೆಯ ಸಭೆ ತಡವಾಯಿತು. ಆಮೇಲೆ ಸಚಿವಾಲಯದವರು ಸಣ್ಣಪುಟ್ಟ ತಾಂತ್ರಿಕ ತಿದ್ದುಪಡಿಗಳ ಪಟ್ಟಿ ಓದಿದರು. ಅವುಗಳ ಜೊತೆಗೇ ‘ಶಲ್’ ಹೋಗಿ ‘ಶುಡ್’ ಬಂತು. ಸ್ವಲ್ಪ ಹೊತ್ತಿಗೆ ಅಧ್ಯಕ್ಷತೆ ವಹಿಸಿದ್ದ ಲೊರಾಂ ಫಾಬಿಯುಸ್ ಸುತ್ತಿಗೆ ಬಡಿದು ಒಪ್ಪಂದ ಅಂಗೀಕಾರವಾಯಿತು ಅಂದರು.

ಅದೇ ವಿಧಿಯ 2ನೇ ಕಲಂನಲ್ಲಿ ‘ಶಲ್’ ಹಾಗೇ ಇದೆ, ಗಮನಿಸಿ. ಪ್ರತಿ ದೇಶವೂ ತನ್ನ ಯೋಜನೆಯನ್ನು ತಯಾರಿಸಿ ಸಲ್ಲಿಸಲೇಬೇಕು. ಅದರಲ್ಲಿ ಎಷ್ಟು ಕಡಿತ ಇರಬೇಕು ಅನ್ನುವುದು ದೇಶಕ್ಕೇ ಬಿಟ್ಟದ್ದು. ಪ್ಯಾರಿಸ್ ಒಪ್ಪಂದದ ಶಕ್ತಿ, ದೌರ್ಬಲ್ಯ ಎರಡೂ ಈ ಎರಡು ಕಲಂಗಳ ನಡುವೆ ಇವೆ.

ದುಬೈ ಪಠ್ಯ ಒಪ್ಪಂದವಲ್ಲ, ಸಮಾವೇಶದ ನಿರ್ಣಯ. ಅದರ ಕ್ರಿಯಾಪದಗಳಿಗೆ ಬೇರೆಯದೇ ಏಣಿ ಇದೆ. ‘ನಿರ್ಧರಿಸುತ್ತದೆ’ ಗಟ್ಟಿ. ‘ಕೋರುತ್ತದೆ’, ‘ಒತ್ತಾಯಿಸುತ್ತದೆ’ ಅದಕ್ಕಿಂತ ಕೆಳಗೆ. ‘ಕರೆ ನೀಡುತ್ತದೆ’, ‘ಪ್ರೋತ್ಸಾಹಿಸುತ್ತದೆ’, ‘ಆಹ್ವಾನಿಸುತ್ತದೆ’ ಇನ್ನೂ ಮೆತ್ತಗೆ. ‘ಗಮನಿಸುತ್ತದೆ’ ಅಂದರೆ ನೋಡಿದ್ದೇವೆ ಅಷ್ಟೇ. 2018ರಲ್ಲಿ ಪೋಲೆಂಡಿನ ಕಾಟೊವಿಟ್ಸೆ ಸಮಾವೇಶದಲ್ಲಿ 1.5 ಡಿಗ್ರಿ ತಾಪಮಾನ ಏರಿಕೆ ಕುರಿತ ಐಪಿಸಿಸಿ (ಹವಾಮಾನ ವಿಜ್ಞಾನಕ್ಕಾಗಿ ಸರ್ಕಾರಗಳು ಸೇರಿ ಮಾಡಿಕೊಂಡ ವಿಶ್ವಸಂಸ್ಥೆಯ ಸಮಿತಿ) ವರದಿಯನ್ನು ‘ಸ್ವಾಗತಿಸುತ್ತದೆ’ ಅಂತ ಬರೆಯಲು ಅಮೆರಿಕ, ಸೌದಿ ಅರೇಬಿಯಾ, ರಷ್ಯಾ, ಕುವೈತ್ ಬಿಡಲಿಲ್ಲ. ‘ಗಮನಿಸುತ್ತದೆ’ ಸಾಕು ಅಂದವು. ಕೊನೆಗೆ ವರದಿ ಸಕಾಲಕ್ಕೆ ಮುಗಿದದ್ದನ್ನು ಸ್ವಾಗತಿಸುತ್ತದೆ ಅಂತ ಬರೆದರು. ವರದಿಯನ್ನಲ್ಲ, ಮುಗಿಸಿದ್ದನ್ನು! ಪದಕ್ಕೆ ಬೆಲೆ ಇಲ್ಲದಿದ್ದರೆ ತೈಲ ಮಾರುವ ದೇಶಗಳು ಅದನ್ನು ತಡೆಯಲು ಅಷ್ಟು ಕಷ್ಟಪಡುತ್ತಿದ್ದವಾ, ನೀವೇ ಹೇಳಿ.

ಅಂಕಿನೋಟ

ನಾನು ವಿಜ್ಞಾನದ ಕಡೆಯವಳು. ಅಲ್ಲೂ ಪದದ ಮೇಲೆಯೇ ಕೂತು ವಾದ ಮಾಡುತ್ತಾರೆ. ಐಪಿಸಿಸಿ ವರದಿಯ ಮುಖ್ಯ ಭಾಗಗಳನ್ನು ವಿಜ್ಞಾನಿಗಳು ಬರೆಯುತ್ತಾರೆ. ನೀತಿ ರೂಪಿಸುವವರಿಗಾಗಿ ಇರುವ ಸಾರಾಂಶಕ್ಕೆ ಮಾತ್ರ ಎಲ್ಲ ಸರ್ಕಾರಗಳ ಪ್ರತಿನಿಧಿಗಳು ಸಾಲು ಸಾಲಾಗಿ ಒಪ್ಪಿಗೆ ಕೊಡಬೇಕು. ವಾಕ್ಯ ಪರದೆಯ ಮೇಲೆ ಇರುತ್ತದೆ. ಒಬ್ಬರು ಆಕ್ಷೇಪ ಎತ್ತಿದರೂ ಅಲ್ಲೇ ನಿಲ್ಲುತ್ತದೆ.

1995ರ ಮ್ಯಾಡ್ರಿಡ್ ಸಭೆಯಲ್ಲಿ ಹವಾಮಾನದ ಮೇಲೆ ಮನುಷ್ಯನ ಪ್ರಭಾವ ಎಷ್ಟು ಅನ್ನುವುದಕ್ಕೆ ಒಂದು ವಿಶೇಷಣ ಬೇಕಿತ್ತು. ಬಲವಾದ ಪದಗಳಿಗೆ ಸೌದಿ ಅರೇಬಿಯಾ, ಕುವೈತ್ ಅಡ್ಡ ಬಂದವು. ಕೊನೆಗೆ ಆಗಿನ ಅಧ್ಯಕ್ಷ ಬರ್ಟ್ ಬೊಲಿನ್ ಸೂಚಿಸಿದ ‘ಡಿಸರ್ನಿಬಲ್’, ಅಂದರೆ ಗುರುತಿಸಬಹುದಾದ ಪ್ರಭಾವ, ಅನ್ನುವುದು ಉಳಿಯಿತು. ನನ್ನ ಲೆಕ್ಕದಲ್ಲಿ ಅದು ಪ್ರಾಮಾಣಿಕ ಪದ. ಆಗ ಗೊತ್ತಿದ್ದದ್ದು ಅಷ್ಟೇ.

ಅಲ್ಲಿಂದ ಮುಂದೆ ಪದಗಳು ಹೇಗೆ ಬೆಳೆದವು ನೋಡಿ. ತಾಪಮಾನ ಏರಿಕೆಯ ಬಹುಪಾಲಿಗೆ ಮನುಷ್ಯ ಕಾರಣ ಅನ್ನುವುದು 2001ರ ವರದಿಯಲ್ಲಿ ‘ಸಂಭವನೀಯ’, 2007ರಲ್ಲಿ ‘ಬಹಳ ಸಂಭವನೀಯ’, 2013ರಲ್ಲಿ ‘ಅತ್ಯಂತ ಸಂಭವನೀಯ’. 2021ರ ವರದಿಯಲ್ಲಿ ಮನುಷ್ಯನಿಂದ ಭೂಮಿ ಬಿಸಿಯಾಗಿರುವುದು ‘ನಿಸ್ಸಂದೇಹ’. ಇವು ಬಾಯಿಗೆ ಬಂದಂತೆ ಬಳಸಿದ ಪದಗಳಲ್ಲ. ‘ಸಂಭವನೀಯ’ ಅಂದರೆ ಶೇ 66ಕ್ಕಿಂತ ಜಾಸ್ತಿ, ‘ಬಹಳ’ ಸೇರಿದರೆ ಶೇ 90ಕ್ಕಿಂತ ಜಾಸ್ತಿ, ‘ಅತ್ಯಂತ’ ಅಂದರೆ ಶೇ 95ಕ್ಕಿಂತ ಜಾಸ್ತಿ ಅಂತ ಮೊದಲೇ ಗೊತ್ತು ಮಾಡಿದ ಅಳತೆ ಇದೆ.

ತೊಂದರೆ ಇರುವುದು ಓದುವ ಕಡೆ. ಡೇವಿಡ್ ಬುಡೆಸ್ಕು ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐಪಿಸಿಸಿಯ ವಾಕ್ಯಗಳನ್ನೇ ಜನರಿಗೆ ಓದಲು ಕೊಟ್ಟು, ಇದಕ್ಕೆ ಎಷ್ಟು ಶೇಕಡಾ ಅಂತ ಕೇಳಿದರು. ‘ಬಹಳ ಸಂಭವನೀಯ’ ಅನ್ನುವುದನ್ನು ಜನ ಶೇ 90ಕ್ಕಿಂತ ಸಾಕಷ್ಟು ಕೆಳಗೆ ಎಣಿಸಿದರು. ಪದದ ಪಕ್ಕದಲ್ಲೇ ಅಂಕಿ ಬರೆಯಿರಿ ಅಂತ ಅವರು ಸಲಹೆ ಕೊಟ್ಟರು. ಇದು ಸಣ್ಣ ವಿಷಯವಲ್ಲ. ವಿಜ್ಞಾನಿ ‘ಅನಿಶ್ಚಿತತೆ’ ಅಂದಾಗ ಮನಸ್ಸಿನಲ್ಲಿರುವುದು ಇಷ್ಟರಿಂದ ಇಷ್ಟರವರೆಗೆ ಅನ್ನುವ ವ್ಯಾಪ್ತಿ. ಕೇಳುವವರು ‘ಇವರಿಗೇ ಸರಿಯಾಗಿ ಗೊತ್ತಿಲ್ಲ’ ಅಂದುಕೊಳ್ಳುತ್ತಾರೆ. ಏನನ್ನೂ ಮಾಡಲು ಇಷ್ಟವಿಲ್ಲದ ರಾಜಕಾರಣಕ್ಕೆ ಆ ಎರಡರ ನಡುವಿನ ಜಾಗ ವರ್ಷಗಟ್ಟಲೆ ಸಾಕಾಯಿತು.

ಇನ್ನೊಂದು: ಐಪಿಸಿಸಿ ವರದಿ ಸರ್ಕಾರಗಳಿಗೆ ‘ಹೀಗೆ ಮಾಡಿ’ ಅಂತ ಹೇಳುವಂತಿಲ್ಲ. ‘ಇಷ್ಟು ಏರಿಕೆಗೆ ನಿಲ್ಲಿಸಬೇಕಾದರೆ ಇಷ್ಟು ಕಡಿತ ಬೇಕಾಗುತ್ತದೆ’ ಅನ್ನಬಹುದು. ನಿರ್ಧಾರದ ಕ್ರಿಯಾಪದ ಸರ್ಕಾರಗಳ ಪಾಲಿಗೆ.

ನೇರನುಡಿ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನಾನು ಮಳೆಬಿಲ್ಲು ಅವರ ಗೆಳತಿಯ ಪಕ್ಷ ಸ್ವಲ್ಪ ವಹಿಸಬೇಕು.

2021ರ ಗ್ಲಾಸ್ಗೋ ಹವಾಮಾನ ಸಮಾವೇಶ ನೆನಪಿದೆಯಲ್ಲ. ಕಲ್ಲಿದ್ದಲು ವಿದ್ಯುತ್ತನ್ನು ‘ಪೂರ್ತಿ ನಿಲ್ಲಿಸುವ’ ಅನ್ನುವುದನ್ನು ಕೊನೆ ಗಳಿಗೆಯಲ್ಲಿ ‘ಹಂತಹಂತವಾಗಿ ಇಳಿಸುವ’ ಅಂತ ಬದಲಾಯಿಸಿದರು. ಬದಲಾದ ವಾಕ್ಯವನ್ನು ಓದಿದ್ದು ಭಾರತದ ಸಚಿವರು. ಅಧ್ಯಕ್ಷತೆ ವಹಿಸಿದ್ದ ಅಲೋಕ್ ಶರ್ಮಾ ಸಭೆಯ ಕ್ಷಮೆ ಕೇಳುತ್ತಾ ಗದ್ಗದಿತರಾದರು. ಜಗತ್ತೆಲ್ಲ ಅದೊಂದು ಪದದ ಬಗ್ಗೆಯೇ ಬರೆಯಿತು. ಕೆಲವೇ ದಿನಗಳ ಹಿಂದೆ ಅಮೆರಿಕ ಮತ್ತು ಚೀನಾ ಸೇರಿ ಹೊರಡಿಸಿದ ಹೇಳಿಕೆಯಲ್ಲೂ ‘ಇಳಿಸುವ’ ಅನ್ನುವುದೇ ಇತ್ತು. ಅದನ್ನು ಯಾರೂ ಜಾಸ್ತಿ ಗಮನಿಸಲಿಲ್ಲ.

ಈಗ ಓಝೋನ್ ಕಡೆ ಬನ್ನಿ. ಓಝೋನ್ ಪದರ ಉಳಿಸಲು ಮಾಡಿದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿ ತಂದರು. ಫ್ರಿಜ್, ಎಸಿಗಳಲ್ಲಿ ಬಳಸುವ, ಭೂಮಿಯನ್ನು ಬಿಸಿ ಮಾಡುವ ಎಚ್‌ಎಫ್‌ಸಿ ಅನಿಲಗಳ ಬಗ್ಗೆ. ಅಲ್ಲಿ ಬಳಸಿದ ಪದವೂ ‘ಇಳಿಸುವುದು’. ಗ್ಲಾಸ್ಗೋದಲ್ಲಿ ಕಣ್ಣೀರು ತರಿಸಿದ ಅದೇ ಪದ. ಆದರೆ ಅದರ ಹಿಂದೆ ಒಂದು ವೇಳಾಪಟ್ಟಿ ಇದೆ. ಹೆಚ್ಚಿನ ಮುಂದುವರಿದ ದೇಶಗಳು 2019ರಿಂದ ಶುರು ಮಾಡಿ 2036ಕ್ಕೆ ಶೇ 85 ಕಡಿತ ಮುಟ್ಟಬೇಕು. ಚೀನಾ ಇರುವ ಗುಂಪಿಗೆ 2045ಕ್ಕೆ ಶೇ 80. ಭಾರತ ಇರುವ ಗುಂಪಿಗೆ 2047ಕ್ಕೆ ಶೇ 85. ಯಾವ ವರ್ಷಗಳ ಬಳಕೆಗೆ ಹೋಲಿಸಬೇಕು ಅನ್ನುವುದೂ ಬರೆದಿದೆ. ಒಪ್ಪಂದದ ಹೊರಗಿರುವ ದೇಶಗಳ ಜೊತೆ ಇಂಥ ವಸ್ತುಗಳ ವ್ಯಾಪಾರಕ್ಕೆ ನಿರ್ಬಂಧ ಹಾಕುವ ವಿಧಿ ಮೂಲ ಒಪ್ಪಂದದಲ್ಲೇ ಇದೆ. ಬಡ ದೇಶಗಳ ಖರ್ಚಿಗೆ ನಿಧಿ ಇದೆ.

ಅಂದರೆ ‘ನಿಲ್ಲಿಸು’, ‘ಇಳಿಸು’ ಅನ್ನುವ ಜಗಳಕ್ಕಿಂತ ಪಕ್ಕದ ಕೋಷ್ಟಕ ದೊಡ್ಡದು. ಗ್ಲಾಸ್ಗೋದಲ್ಲಿ ‘ಪೂರ್ತಿ ನಿಲ್ಲಿಸುವ’ ಅಂತಲೇ ಉಳಿದಿದ್ದರೂ ವರ್ಷ ಇರಲಿಲ್ಲ, ಪ್ರಮಾಣ ಇರಲಿಲ್ಲ. ಜೊತೆಗೆ ‘ಅನ್‌ಅಬೇಟೆಡ್’ ಅನ್ನುವ ಬಾಲ ಬೇರೆ. ಇಂಗಾಲ ಹಿಡಿದಿಡುವ ವ್ಯವಸ್ಥೆ ಇಲ್ಲದ ಸ್ಥಾವರಗಳು ಅಂತ ಅರ್ಥ. ಎಷ್ಟು ಹಿಡಿದರೆ ಸಾಕು? ಪಠ್ಯ ಹೇಳುವುದಿಲ್ಲ. ಅದೇ ವಾಕ್ಯದಲ್ಲಿ ಪಳೆಯುಳಿಕೆ ಇಂಧನಗಳ ‘ಅದಕ್ಷ ಸಬ್ಸಿಡಿ’ಗಳನ್ನು ಪೂರ್ತಿ ನಿಲ್ಲಿಸುವ ಮಾತಿದೆ. ಯಾವ ಸಬ್ಸಿಡಿ ಅದಕ್ಷ ಅನ್ನುವುದನ್ನು ಕೊಡುವ ಸರ್ಕಾರವೇ ತೀರ್ಮಾನಿಸಬೇಕು. ಪತ್ರಿಕೆಗಳು ಈ ಎರಡು ವಿಶೇಷಣಗಳ ಬಗ್ಗೆ ಬರೆಯಬೇಕಿತ್ತು.

ಇನ್ನು ಓಝೋನ್ ಗೆದ್ದದ್ದು ಭಾಷೆಯಿಂದ ಮಾತ್ರ ಅಲ್ಲ. ಬದಲಿ ರಾಸಾಯನಿಕಗಳು ಸಿಗುವಂತಿದ್ದವು, ತಯಾರಕರೂ ಬೆರಳೆಣಿಕೆಯಷ್ಟು. ಪದ ಎಷ್ಟೇ ಗಟ್ಟಿ ಇರಲಿ, ಬದಲಿ ಇಲ್ಲದಿದ್ದರೆ ಯಾವ ದೇಶವೂ ಸಹಿ ಹಾಕುವುದಿಲ್ಲ.

ಕರಡುಪ್ರತಿ

ನೇರನುಡಿ ಅವರೇ, ಕಿಗಾಲಿ ಉದಾಹರಣೆ ತುಂಬಾ ಚೆನ್ನಾಗಿದೆ. ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ವೇಳಾಪಟ್ಟಿ ಇಲ್ಲದ ಮೆತ್ತನೆಯ ವಾಕ್ಯ ವ್ಯರ್ಥ ಅನ್ನುವುದನ್ನು ಒಪ್ಪುವುದಿಲ್ಲ. ಬರೆದು ಇಟ್ಟ ಮಾತನ್ನು ಎಷ್ಟೋ ವರ್ಷಗಳ ನಂತರ ಬೇರೆ ಯಾರೋ ಎತ್ತಿಕೊಳ್ಳುತ್ತಾರೆ.

ಐಪಿಸಿಸಿಯ 2007ರ ವರದಿಯಲ್ಲಿ ಒಂದು ಕೋಷ್ಟಕ ಇತ್ತು. ಗಾಳಿಯಲ್ಲಿನ ಹಸಿರುಮನೆ ಅನಿಲಗಳನ್ನು ಕಡಿಮೆ ಮಟ್ಟದಲ್ಲಿ ನಿಲ್ಲಿಸಬೇಕಾದರೆ ಮುಂದುವರಿದ ದೇಶಗಳು 2020ಕ್ಕೆ 1990ರ ಮಟ್ಟಕ್ಕಿಂತ ಶೇ 25ರಿಂದ 40 ಕಡಿತ ಮಾಡಬೇಕಾಗುತ್ತದೆ ಅನ್ನುವ ಲೆಕ್ಕ. ಯಾರಿಗೂ ಅದು ಆದೇಶವಲ್ಲ. ಆಮೇಲೆ ಆ ಅಂಕಿ ಹವಾಮಾನ ಸಮಾವೇಶಗಳ ನಿರ್ಣಯಗಳಲ್ಲಿ ಮತ್ತೆ ಮತ್ತೆ ಬಂತು. ನೆದರ್ಲೆಂಡ್ಸಿನ ಉರ್ಗೆಂಡಾ ಎಂಬ ಸಂಸ್ಥೆ ತನ್ನ ಸರ್ಕಾರದ ಮೇಲೆ ಹಾಕಿದ ಮೊಕದ್ದಮೆಯಲ್ಲಿ ಅದನ್ನೇ ಹಿಡಿಯಿತು. 2019ರ ಡಿಸೆಂಬರ್ 20ರಂದು ಅಲ್ಲಿನ ಸುಪ್ರೀಂ ಕೋರ್ಟ್, 2020ರ ಕೊನೆಗೆ ಕನಿಷ್ಠ ಶೇ 25 ಕಡಿತ ಮಾಡಲೇಬೇಕು ಅನ್ನುವ ಆದೇಶವನ್ನು ಎತ್ತಿಹಿಡಿಯಿತು. ಲೆಕ್ಕದ ಅಂಕಿ ಹೋಗಿ ಹೊಣೆಯ ಅಂಕಿ ಆಯಿತು.

1.5 ಡಿಗ್ರಿಯದ್ದೂ ಇದೇ ಕಥೆ. ಪ್ಯಾರಿಸ್ ಪಠ್ಯದಲ್ಲಿ 2 ಡಿಗ್ರಿಗಿಂತ ‘ಸಾಕಷ್ಟು ಕೆಳಗೆ’ ಇಡುವುದು, 1.5ಕ್ಕೆ ಮಿತಿಗೊಳಿಸಲು ‘ಪ್ರಯತ್ನ ನಡೆಸುವುದು’ ಅಂತಿದೆ. ಎರಡನೆಯದು ಎಷ್ಟು ಮೆತ್ತಗಿದೆ ನೋಡಿ. ಮುಳುಗುವ ಭಯದಲ್ಲಿದ್ದ ದ್ವೀಪ ದೇಶಗಳು ಹಠ ಹಿಡಿದು ಅದನ್ನು ಸೇರಿಸಿದವು. ಗ್ಲಾಸ್ಗೋದಲ್ಲಿ ಆ ಮಾತು ಇನ್ನಷ್ಟು ಗಟ್ಟಿಯಾಯಿತು. 2025ರ ಜುಲೈ 23ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ದೇಶಗಳು ಒಪ್ಪಿಕೊಂಡ ಮುಖ್ಯ ಗುರಿ 1.5 ಡಿಗ್ರಿಯೇ ಅಂತ ಹೇಳಿತು. ಅದಕ್ಕೆ ಆಧಾರವಾಗಿ ನೋಡಿದ್ದು ಆಮೇಲಿನ ಸಮಾವೇಶಗಳ ನಿರ್ಣಯಗಳನ್ನು. ಆ ಅಭಿಪ್ರಾಯ ಕೇಳುವ ಪ್ರಯತ್ನದಲ್ಲಿ ಮುಂದೆ ನಿಂತದ್ದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ವನುವಾಟು. ಅವರ ಬಳಿ ಸೈನ್ಯವಿಲ್ಲ, ತೈಲವಿಲ್ಲ. ಇದ್ದದ್ದು ಬರೆದಿಟ್ಟ ವಾಕ್ಯ. ಇದನ್ನು ಓದಿದಾಗ ನನಗೆ ನನ್ನ ಕೆಲಸದ ಮೇಲಿನ ಗೌರವ ಜಾಸ್ತಿಯಾಯಿತು.

ಬಲ್ಲವರು ಬಾಗಿಲು ಮುಚ್ಚುವುದೂ ಹೀಗೆಯೇ. ಪ್ಯಾರಿಸ್ ಒಪ್ಪಂದದ 8ನೇ ವಿಧಿ ಹವಾಮಾನದಿಂದ ಆಗುವ ನಷ್ಟ, ಹಾನಿಯ ಬಗ್ಗೆ. ಜೊತೆಗಿನ ನಿರ್ಣಯದ 51ನೇ ಪ್ಯಾರಾ ತೆಗೆದು ನೋಡಿ. ಆ ವಿಧಿ ಯಾವುದೇ ಹೊಣೆಗಾರಿಕೆಗೆ, ಪರಿಹಾರಕ್ಕೆ ಆಧಾರವಾಗುವುದಿಲ್ಲ ಅಂತ ಒಂದೇ ವಾಕ್ಯ. ಆ ಒಂದು ವಾಕ್ಯ ಬೇಕೇ ಬೇಕು ಅಂತ ಶ್ರೀಮಂತ ದೇಶಗಳು ಪಟ್ಟು ಹಿಡಿದವು.

ಮಳೆಬಿಲ್ಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಗಾಲಿ ಮತ್ತು ದುಬೈ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿಸುತ್ತೇನೆ. ಇನ್ನೊಂದು ಕೇಳಬೇಕಿತ್ತು. ಮಕ್ಕಳು ಜಾಸ್ತಿ ಮಾತಾಡುವುದು ಹೆಸರುಗಳ ಬಗ್ಗೆ. ‘ಹವಾಮಾನ ಬದಲಾವಣೆ’ ಅನ್ನಬೇಕಾ, ‘ಬಿಕ್ಕಟ್ಟು’ ಅನ್ನಬೇಕಾ, ‘ತುರ್ತು ಪರಿಸ್ಥಿತಿ’ ಅನ್ನಬೇಕಾ? ಇದರಿಂದಲೂ ವ್ಯತ್ಯಾಸ ಆಗುತ್ತದಾ?

ಅಂಕಿನೋಟ

ಆಗುತ್ತದೆ, ಆದರೆ ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. 2002ರ ಸುಮಾರಿಗೆ ಅಮೆರಿಕದಲ್ಲಿ ಫ್ರಾಂಕ್ ಲಂಟ್ಸ್ ಎಂಬ ರಾಜಕೀಯ ಸಲಹೆಗಾರ ರಿಪಬ್ಲಿಕನ್ ಪಕ್ಷದವರಿಗೆ ಒಂದು ಟಿಪ್ಪಣಿ ಬರೆದ. ‘ತಾಪಮಾನ ಏರಿಕೆ’ ಭಯ ಹುಟ್ಟಿಸುತ್ತದೆ, ‘ಹವಾಮಾನ ಬದಲಾವಣೆ’ ಅಷ್ಟಿಲ್ಲ, ಎರಡನೆಯದನ್ನೇ ಬಳಸಿ ಅಂತ. ಇದನ್ನು ಓದಿದ ಎಷ್ಟೋ ಜನ ಆ ಪದವನ್ನು ಅವನೇ ಹುಟ್ಟಿಸಿದ ಅಂದುಕೊಂಡಿದ್ದಾರೆ. ಹಾಗಲ್ಲ. ಐಪಿಸಿಸಿ ಶುರುವಾದದ್ದೇ 1988ರಲ್ಲಿ, ಅದರ ಹೆಸರಿನಲ್ಲೇ ‘ಹವಾಮಾನ ಬದಲಾವಣೆ’ ಇದೆ. ವಾಲೇಸ್ ಬ್ರೋಕರ್ 1975ರಲ್ಲಿ ಬರೆದ ಪ್ರಸಿದ್ಧ ಲೇಖನದ ಶೀರ್ಷಿಕೆಯಲ್ಲಿ ಎರಡೂ ಇವೆ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ. 2019ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ‘ಬಿಕ್ಕಟ್ಟು’, ‘ತುರ್ತು ಪರಿಸ್ಥಿತಿ’ಗಳಿಗೆ ಆದ್ಯತೆ ಕೊಡುವುದಾಗಿ ಹೇಳಿತು. ಒಳ್ಳೆಯದೇ. ಆದರೆ ದಿನವೂ ತುರ್ತು ಅಂದರೆ ಕಿವಿ ಒಗ್ಗಿಹೋಗುತ್ತದೆ.

ಹೆಸರು ಗೆದ್ದ ಒಂದು ಉದಾಹರಣೆ ಬೇಕಾದರೆ ‘ಓಝೋನ್ ರಂಧ್ರ’. ಅಲ್ಲಿ ನಿಜವಾದ ರಂಧ್ರ ಇಲ್ಲ, ಪದರ ತೆಳುವಾಗಿದೆ ಅಷ್ಟೇ. ಅಂಟಾರ್ಕ್ಟಿಕಾದ ಮೇಲೆ ಹೀಗಾಗಿದೆ ಅಂತ ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ್ದು 1985ರಲ್ಲಿ. ಎರಡು ವರ್ಷಕ್ಕೆ ಮಾಂಟ್ರಿಯಲ್ ಒಪ್ಪಂದ ಬಂತು. ತಲೆಯ ಮೇಲೆ ತೂತು ಅಂದರೆ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಕರಡುಪ್ರತಿ

ನಾನು ಮಕ್ಕಳ ಮುಂದೆ ಇಡುವುದಾದರೆ ‘ಕಾರ್ಬನ್ ಹೆಜ್ಜೆಗುರುತು’ ಇಡುತ್ತೇನೆ. ಪರಿಸರದ ಹೆಜ್ಜೆಗುರುತು ಅನ್ನುವ ಕಲ್ಪನೆ 1990ರ ದಶಕದಲ್ಲಿ ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್‌ನಾಗೆಲ್ ಅವರಿಂದ ಬಂತು. ಅದರ ಕಾರ್ಬನ್ ರೂಪವನ್ನು 2000ರ ದಶಕದ ಜಾಹೀರಾತುಗಳಲ್ಲಿ ಮನೆಮನೆಗೆ ತಲುಪಿಸಿದ್ದು ತೈಲ ಕಂಪನಿ ಬಿಪಿ. ನಿಮ್ಮ ಹೆಜ್ಜೆಗುರುತು ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಲು ಜಾಲತಾಣವನ್ನೂ ಕೊಟ್ಟಿತು. ವಾಕ್ಯದ ಕರ್ತೃ ಯಾರಾದರು ನೋಡಿ. ತೈಲ ತೆಗೆದವರು ಹೋಗಿ ದೀಪ ಆರಿಸಲು ಮರೆತವರು ಬಂದರು. ಹೆಜ್ಜೆಗುರುತಿನ ಲೆಕ್ಕ ಸುಳ್ಳಲ್ಲ, ಉಪಯೋಗವೂ ಇದೆ. ಆದರೆ ನೀತಿಯ ಚರ್ಚೆ ಅಷ್ಟಕ್ಕೇ ನಿಂತರೆ ತೆರಿಗೆ, ಪರವಾನಗಿ, ಸಬ್ಸಿಡಿ ಯಾವುದೂ ಮಾತಿಗೆ ಬರುವುದಿಲ್ಲ.

ಕರ್ತೃವೇ ಇಲ್ಲದ ವಾಕ್ಯಗಳನ್ನೂ ಹುಡುಕಿಸಿ. ‘ಕಾಡು ನಾಶವಾಯಿತು’, ‘ನದಿ ಕಲುಷಿತಗೊಂಡಿದೆ’, ‘ಕ್ರಮ ಕೈಗೊಳ್ಳಲಾಗುವುದು’. ಸರ್ಕಾರಿ ಭಾಷೆ ಎಲ್ಲ ದೇಶಗಳಲ್ಲೂ ಹೀಗೇ. ಅಂಥ ಪ್ರತಿ ವಾಕ್ಯಕ್ಕೂ ಒಂದು ಕರ್ತೃ ಸೇರಿಸಿ ಮತ್ತೆ ಬರೆಯಲು ಹೇಳಿ. ಎಲ್ಲಿ ಸೇರಿಸಲು ಆಗುವುದಿಲ್ಲವೋ ಅಲ್ಲಿ ಇನ್ನೂ ಯಾರಿಗೂ ಹೊಣೆ ಹೊರಿಸಿಲ್ಲ ಅಂತ ಅರ್ಥ.

ದಾರಿಹೋಕ

ತಡವಾಗಿ ಬಂದೆ. ಒಂದು ವಿಷಯ ಬಿಟ್ಟುಹೋಗಿದೆ: ಈ ಜಗಳ ಯಾವ ಭಾಷೆಯಲ್ಲಿ ನಡೆಯುತ್ತದೆ ಅನ್ನುವುದು. ಪ್ಯಾರಿಸ್ ಒಪ್ಪಂದದ 29ನೇ ವಿಧಿ ಪ್ರಕಾರ ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಪಠ್ಯಗಳು ಆರೂ ಸಮಾನ. ದೊಡ್ಡ ಸಭೆಗಳಲ್ಲಿ ಆರು ಭಾಷೆಗೂ ದುಭಾಷಿಗಳಿರುತ್ತಾರೆ. ಆದರೆ ಪಠ್ಯ ನಿಜವಾಗಿ ಬರೆದಾಗುವುದು ಸಣ್ಣ ಕೋಣೆಗಳ ಅನೌಪಚಾರಿಕ ಸಭೆಗಳಲ್ಲಿ. ಅಲ್ಲಿ ದುಭಾಷಿ ಇರುವುದಿಲ್ಲ, ಇಂಗ್ಲಿಷ್ ಮಾತ್ರ. ಒಪ್ಪಿಗೆಯಾಗದ ಪದಗಳು ಚೌಕ ಆವರಣದೊಳಗೆ ಕೂತಿರುತ್ತವೆ, ಒಂದೊಂದನ್ನೇ ಬಿಡಿಸಬೇಕು. ಶ್ರೀಮಂತ ದೇಶ ಪ್ರತಿ ಕೋಣೆಗೂ ವಕೀಲರನ್ನು ಕಳಿಸುತ್ತದೆ. ಬಡ ದೇಶದ ನಾಲ್ಕಾರು ಜನರ ತಂಡ ಒಂದೇ ಹೊತ್ತಿಗೆ ನಡೆಯುವ ಅಷ್ಟೂ ಕೋಣೆಗಳಿಗೆ ಹೋಗಲಾರದು. ಹೋದವರೂ ‘ಶಲ್’, ‘ಶುಡ್’ ನಡುವಿನ ವ್ಯತ್ಯಾಸಕ್ಕೆ ತಮ್ಮದಲ್ಲದ ಭಾಷೆಯಲ್ಲಿ, ನಡುರಾತ್ರಿಯಲ್ಲಿ ವಾದಿಸಬೇಕು.

ಇದನ್ನು ಕಾನೂನಿನಲ್ಲೇ ಎದುರಿಸಿದ ಒಪ್ಪಂದವೂ ಒಂದಿದೆ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಎಸ್ಕಾಸು ಒಪ್ಪಂದ. 2018ರಲ್ಲಿ ಅಂಗೀಕಾರವಾಗಿ 2021ರ ಏಪ್ರಿಲ್ 22ರಂದು ಜಾರಿಗೆ ಬಂತು. ಒಂದು ಯೋಜನೆಯಿಂದ ನೇರ ತೊಂದರೆಗೆ ಒಳಗಾಗುವ ಜನ ಆಡುವ ಭಾಷೆ ಅಧಿಕೃತ ಭಾಷೆಗಿಂತ ಬೇರೆ ಇದ್ದರೆ, ಅವರಿಗೆ ವಿಷಯ ಅರ್ಥವಾಗುವಂತೆ, ಅವರು ಭಾಗವಹಿಸಲು ಆಗುವಂತೆ ಸರ್ಕಾರ ಅನುಕೂಲ ಮಾಡಲೇಬೇಕು ಅಂತ ಅದರ 7ನೇ ವಿಧಿ ಹೇಳುತ್ತದೆ. ಮಳೆಬಿಲ್ಲು ಅವರೇ, ನಿಮ್ಮ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ಯಾರು, ಏನು, ಯಾರಿಗಾಗಿ ಅನ್ನುವ ಮೂರಕ್ಕೂ ಉತ್ತರ ಇರುವ ವಾಕ್ಯ ಅದು.